ನನ್ನ ಪರವಾಗಿ ಬೈದ ಗೆಳೆಯರ ಕಾಮೆಂಟ್ ಅಳಿಸಿದೆ, ತಪ್ಪಾಯ್ತಾ?

ಶರಾವತಿ_ದಂಡೆ · ಭಾನುವಾರ ರಾತ್ರಿ 9:40

ನಾಲ್ಕು ದಿನದಿಂದ ಇದನ್ನು ಮನಸ್ಸಲ್ಲೇ ಇಟ್ಟುಕೊಂಡು ಒದ್ದಾಡುತ್ತಿದ್ದೇನೆ. ಮನೆಯಲ್ಲಿ ಹೇಳಿದರೆ "ನೆಟ್‌ನಲ್ಲಿ ಸಿಕ್ಕಿದವರು ತಾನೇ, ಬಿಡು" ಅನ್ನುತ್ತಾರೆ. ಇಲ್ಲಿ ಹಳೇ ಬ್ಲಾಗಿನವರು ತುಂಬಾ ಜನ ಇದ್ದೀರಿ. ನಿಮಗೆ ಅರ್ಥ ಆಗಬಹುದು ಅಂತ ಬರೆಯುತ್ತಿದ್ದೇನೆ.

ನಾನು ಬ್ಲಾಗ್ ಶುರು ಮಾಡಿದ್ದು 2007ರಲ್ಲಿ. ಊರು ಸಾಗರದ ಹತ್ತಿರ, ಆಗ ಕೆಲಸಕ್ಕೆ ಬೆಂಗಳೂರಲ್ಲಿದ್ದೆ. ಮೊದಲ ಆರು ತಿಂಗಳು ನನ್ನ ಬರಹಕ್ಕೆ ಕಾಮೆಂಟ್ ಹಾಕುತ್ತಿದ್ದವರು ಒಬ್ಬರೇ. ಬಾಗಲಕೋಟೆ ಕಡೆಯ ಮೇಷ್ಟ್ರು. ನಾನು ಅಡಿಕೆ ಸುಲಿಯುವುದರ ಬಗ್ಗೆ ಬರೆದರೆ ಅವರು ಜೋಳದ ರಾಶಿಯ ಬಗ್ಗೆ ನಾಲ್ಕು ಸಾಲು ಬರೆಯುತ್ತಿದ್ದರು. ಹಾಗೆ ಬೆಳೆದ ಸ್ನೇಹ. ಮುಖ ನೋಡಿದ್ದು ಮೂರು ವರ್ಷ ಆದಮೇಲೆ. ನನ್ನ ಅಪ್ಪ ತೀರಿಕೊಂಡಾಗ ರಾತ್ರಿ ಬಸ್ಸು ಹತ್ತಿ ಬಂದರು. ಅಂಗಳದಲ್ಲಿ ಸುಮ್ನೆ ಒಂದು ಗಂಟೆ ಕೂತರು. ಊಟ ಮಾಡಿ ಅಂದರೂ ಕೇಳದೆ ವಾಪಸ್ ಹೋದರು. ಇವತ್ತಿಗೂ ನಾವು ಒಬ್ಬರನ್ನೊಬ್ಬರು "ನೀವು" ಅಂತಲೇ ಕರೆಯುವುದು.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಸೋದರತ್ತೆಗೆ 78 ವರ್ಷ. ಜಮೀನಿನ ಖಾತೆ ಬದಲಾವಣೆಗೆ ಅಂತ ಒಂದು ಕಚೇರಿಗೆ ಎಂಟು ತಿಂಗಳಿಂದ ಅಲೆಯುತ್ತಿದ್ದಾರೆ. ಹೋದ ವಾರ ಅಲ್ಲಿನ ಗುಮಾಸ್ತರೊಬ್ಬರು ಎಲ್ಲರ ಮುಂದೆ ಅವರನ್ನು ಗದರಿಸಿ ಕಳಿಸಿದರು. ನಾನು ಅದನ್ನು ಬ್ಲಾಗಿನಲ್ಲಿ ಬರೆದೆ. ಮೊದಲ ಕಾಮೆಂಟ್ ಈ ಮೇಷ್ಟ್ರದ್ದೇ. ಅವರಿಗೆ ಎಷ್ಟು ಸಿಟ್ಟು ಬಂದಿತ್ತು ಅಂದರೆ ಆ ಗುಮಾಸ್ತರನ್ನು "ಬೋಳಿಮಗ" ಅಂತ ಬೈದಿದ್ದರು.

ಓದಿ ನನ್ನ ಕೈ ತಣ್ಣಗಾಯಿತು. ನನ್ನ ಅಜ್ಜಿಯ ಅಕ್ಕ, ನಾವು ದೊಡ್ಡಜ್ಜಿ ಅನ್ನುತ್ತಿದ್ದೆವು, 16 ವರ್ಷಕ್ಕೇ ಗಂಡನನ್ನು ಕಳೆದುಕೊಂಡವರು. ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದರು. ಸಾಯುವ ತನಕ ಹಾಗೇ ಇದ್ದರು. ನಾನು ಅಕ್ಷರ ಕಲಿತದ್ದು ಅವರ ಪಕ್ಕ ಕೂತು, ಅಕ್ಕಿ ಹರಡಿದ ಮೊರದಲ್ಲಿ. ಬೋಳಿ ಅಂದರೆ ನನಗೆ ಅವರೊಬ್ಬರೇ ಕಣ್ಣ ಮುಂದೆ ಬರುವುದು.

ಕಾಮೆಂಟ್ ಅಳಿಸಿಬಿಟ್ಟೆ. ಅವರಿಗೆ ಒಂದು ಮಾತೂ ಹೇಳಲಿಲ್ಲ. ಅಂದಿನಿಂದ ಅವರ ಸುದ್ದಿ ಇಲ್ಲ. 18 ವರ್ಷದಲ್ಲಿ ನನ್ನ ಬರಹಕ್ಕೆ ಅವರು ಮಾತಾಡದೆ ಉಳಿದದ್ದು ಇದೇ ಮೊದಲು.

ಬೈಗುಳದ ಬಗ್ಗೆ ನಿಮ್ಮ ಮನಸ್ಸು ಹೇಗೆ? ಗೆಳೆತನದಲ್ಲಿ ಅದಕ್ಕೆ ಜಾಗ ಇದೆಯಾ?

ಜೋಳದ_ಹೊಲ · ಭಾನುವಾರ ರಾತ್ರಿ 10:15

ನಾನೂ ಬಾಗಲಕೋಟೆ ಕಡೆಯವನೇ, ಅದಕ್ಕೆ ಮೊದಲು ಬರೆಯುತ್ತಿದ್ದೇನೆ. ನಮ್ಮಲ್ಲಿ "ಲೇ ಮಗನ", "ಹುಚ್ಚ ಖೋಡಿ" ಅನ್ನದೆ ಗೆಳೆಯರ ಮಾತು ಶುರುವಾಗುವುದೇ ಇಲ್ಲ. ನಮ್ಮವ್ವ ಹೊಲದಿಂದ ನನ್ನನ್ನು ಕರೆಯುವುದೇ "ಎಲ್ಲಿ ಸತ್ತೀಯೋ" ಅಂತ. ಅದರಲ್ಲಿ ಸಿಟ್ಟಿಲ್ಲ. ಊಟದ ಹೊತ್ತು ಮೀರಿದೆ ಅಂತ ಅರ್ಥ. "ಬೈದು ಹೇಳೋರು ಬದುಕೋಕೆ ಹೇಳ್ತಾರೆ" ಅಂತ ಗಾದೆಯೇ ಇದೆ ಅಲ್ವಾ.

ಒಂದು ವಿಷಯ ಗಮನಿಸಿ ಅಕ್ಕಾ. ಅವರು 18 ವರ್ಷ ನಿಮ್ಮ ಮುಂದೆ ಒಂದು ಕೆಟ್ಟ ಪದ ಆಡಲಿಲ್ಲ. ನಮ್ಮ ಕಡೆಯ ಮನುಷ್ಯನಿಗೆ ಇದು ಸಣ್ಣ ಮಾತಲ್ಲ. ನಾವು ಪರಕೀಯರ ಮುಂದೆ ಬೈಯುವುದಿಲ್ಲ, ಬಾಯಿ ಬಿಗಿ ಹಿಡಿಯುತ್ತೇವೆ. ನಿಮ್ಮ ಅತ್ತೆಗೆ ಆದದ್ದು ಓದಿದಾಗ ಅವರ ಬಾಯಿ ಬಿಚ್ಚಿತು ಅಂದರೆ, ಅಷ್ಟು ಹೊತ್ತಿಗೆ ಆ ಅತ್ತೆ ಅವರಿಗೂ ಅತ್ತೆ ಆಗಿದ್ದರು. ನೀವು ಹೇಳದೆ ಅಳಿಸಿದಾಗ ಅವರಿಗೆ ಕೇಳಿಸಿದ್ದು "ನೀವು ಹೊರಗಿನವರು" ಅಂತ.

ಕಡಲತಡಿ · ಭಾನುವಾರ ರಾತ್ರಿ 10:52

ಮಂಗಳೂರಿನವಳು. ನಮ್ಮಲ್ಲಿ "ಬೇವರ್ಸಿ" ಇಲ್ಲದೆ ದಿನ ಕಳೆಯುವುದಿಲ್ಲ. ಬಸ್ಸು ತಡವಾದರೆ ಬೇವರ್ಸಿ, ಗೆಳತಿ ಫೋನ್ ಎತ್ತದಿದ್ದರೆ ಬೇವರ್ಸಿ. ಬೇ ವಾರಸ್, ಅಂದರೆ ವಾರಸುದಾರರು ಇಲ್ಲದವನು. ಪಾರಸಿ ಕಡೆಯಿಂದ ಬಂದ ಪದ. ಹೇಳುವ ಯಾರಿಗೂ ವಾರಸುದಾರರ ನೆನಪಿಲ್ಲ. ಪದದೊಳಗಿನ ಅರ್ಥ ಸತ್ತುಹೋಗಿದೆ, ಸದ್ದು ಮಾತ್ರ ಉಳಿದಿದೆ.

ಬಹುಶಃ ಮೇಷ್ಟ್ರಿಗೆ ಆ ಪದವೂ ಹಾಗೇ. ಅವರು ವಿಧವೆಯನ್ನು ನೆನೆದು ಬರೆದಿರಲಿಕ್ಕಿಲ್ಲ.

ಶರಾವತಿ_ದಂಡೆ · ಭಾನುವಾರ ರಾತ್ರಿ 11:20

ಇರಬಹುದು. ಆದರೆ ನನಗೆ ಆ ಅರ್ಥ ಸತ್ತಿಲ್ಲ.

ಹಿತ್ತಲಿನ ಬಾವಿಕಟ್ಟೆಯ ಆಚೆ ಒಂದು ಕಲ್ಲಿತ್ತು. ಕ್ಷೌರದವರು ಬಂದಾಗ ದೊಡ್ಡಜ್ಜಿ ಆ ಕಲ್ಲಿನ ಮೇಲೆ ತಲೆ ಬಗ್ಗಿಸಿ ಕೂರುತ್ತಿದ್ದರು. ಆ ಹೊತ್ತಿಗೆ ಮಕ್ಕಳು ಹಿತ್ತಲಿಗೆ ಹೋಗಬಾರದು. ಒಂದು ಸಲ ನಾನು ಹೋಗಿಬಿಟ್ಟೆ. ಅವರು ನನ್ನ ಕಡೆ ನೋಡಿ, ಏನೂ ಹೇಳದೆ ಸೆರಗನ್ನು ಮುಖಕ್ಕೆ ಎಳೆದುಕೊಂಡರು. ನನಗಾಗ ಆರು ವರ್ಷ ಇರಬೇಕು. ಮುಂಡೆ, ಬೋಳಿ, ಇದೆಲ್ಲ ಅವರಂಥವರ ಮೇಲೇ ಹುಟ್ಟಿದ ಪದಗಳು. ಗಂಡಸರಿಬ್ಬರು ಜಗಳ ಆಡುತ್ತಾರೆ, ಪೆಟ್ಟು ಬೀಳುವುದು ಮೂಲೆಯಲ್ಲಿ ಕೂತ ಹೆಂಗಸಿಗೆ. ಆ ಗುಮಾಸ್ತರನ್ನು ಬೈಯಲು ನನ್ನ ದೊಡ್ಡಜ್ಜಿಯನ್ನು ಯಾಕೆ ಎಳೆಯಬೇಕು?

ಎರಡನೇ_ಪಾಳಿ · ಸೋಮವಾರ ಬೆಳಗ್ಗೆ 6:05

ನೈಟ್ ಡ್ಯೂಟಿ ಮುಗಿಸಿ ಬಂದು ಓದಿದೆ. ನಾನು ನರ್ಸ್, ಮೈಸೂರಿನಲ್ಲಿ. ಹೆರಿಗೆ ವಾರ್ಡಿನಲ್ಲಿ ಕೇಳದ ಬೈಗುಳ ಇಲ್ಲ. ದೇವರನ್ನೂ ಬಿಡುವುದಿಲ್ಲ, ಗಂಡನನ್ನಂತೂ ಬಿಡುವುದೇ ಇಲ್ಲ. ಮಗು ಕೈಗೆ ಬಂದ ಮೇಲೆ ಕೆಲವರು "ಏನೇನೋ ಅಂದುಬಿಟ್ಟೆ ಸಿಸ್ಟರ್" ಅಂತ ಅಳುತ್ತಾರೆ. ನಾವು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

ಇದಕ್ಕೆ ಆಧಾರವೂ ಇದೆ. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ರಿಚರ್ಡ್ ಸ್ಟೀಫನ್ಸ್ ಮತ್ತು ಜೊತೆಯವರು 2009ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಮಂಜಿನಷ್ಟು ತಣ್ಣನೆಯ ನೀರಲ್ಲಿ ಕೈ ಇಟ್ಟುಕೊಳ್ಳಬೇಕು. ಬೈಗುಳ ಹೇಳುತ್ತಾ ಇದ್ದಾಗ, ಸಾಮಾನ್ಯ ಪದ ಹೇಳುವಾಗಿನದಕ್ಕಿಂತ ಜಾಸ್ತಿ ಹೊತ್ತು ತಾಳಿಕೊಂಡರು. 2011ರಲ್ಲಿ ಅವರೇ ಇನ್ನೊಂದು ವಿಷಯ ಕಂಡುಕೊಂಡರು. ದಿನವೂ ಬೈಯುವವರಿಗೆ ಈ ಲಾಭ ಕಡಿಮೆ.

ಮೇಷ್ಟ್ರು ವರ್ಷಗಟ್ಟಲೆ ಬರೆಯದೆ ಇದ್ದ ಪದ ಅವತ್ತು ಬರೆದರು ಅಂದರೆ ಅವರಿಗೆ ನಿಜವಾಗಿಯೂ ನೋವಾಗಿರಬೇಕು. ಹಾಗಂತ ನಿಮ್ಮ ನೋವು ಚಿಕ್ಕದು ಅಂತ ನಾನು ಹೇಳುತ್ತಿಲ್ಲ.

ಮೊದಲ_ಬೆಂಚು · ಸೋಮವಾರ ಬೆಳಗ್ಗೆ 9:30

ನನಗೆ 21. ನಮ್ಮ ಗ್ಯಾಂಗಿನಲ್ಲಿ ಬೈಗುಳ ಇಲ್ಲದಿದ್ದರೆ ಏನೋ ಸಿಟ್ಟಾಗಿದ್ದಾನೆ ಅಂತ ಅರ್ಥ. ಗೇಮ್ ಆಡುವಾಗ ಹೆಡ್‌ಫೋನಿನಲ್ಲಿ ಇಡೀ ರಾತ್ರಿ ಬೈದುಕೊಳ್ಳುತ್ತೇವೆ. ಅದರಲ್ಲಿ ಇಬ್ಬರನ್ನು ನಾನು ಇನ್ನೂ ನೋಡೇ ಇಲ್ಲ, ಆದರೂ ಅವರು ನನ್ನ ಹತ್ತಿರದ ಫ್ರೆಂಡ್ಸ್. ನಾವು ನಗುವುದು ಕೇಳಿಸುತ್ತದೆ, ಅದಕ್ಕೆ ಯಾರಿಗೂ ಬೇಜಾರಾಗಲ್ಲ. ಅದೇ ಪದ ಟೈಪ್ ಮಾಡಿ ಕಳಿಸಿದಾಗ ಒಂದೆರಡು ಸಲ ಜಗಳ ಆಗಿದೆ, ನಿಜ.

ಒಂದು ಅರ್ಥ ಆಗಲಿಲ್ಲ. 18 ವರ್ಷ ಫ್ರೆಂಡ್ಸ್ ಆಗಿದ್ದೂ "ನೀವು" ಯಾಕೆ?

ಗದ್ದೆ_ಬದು · ಸೋಮವಾರ ಮಧ್ಯಾಹ್ನ 1:10

ತಮ್ಮಾ, ಆ "ನೀವು" ಬಗ್ಗೆ ನಾನು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ನಮ್ಮದು ಮಂಡ್ಯ ಕಡೆ. ಅಪ್ಪ ಒಬ್ಬ ದೊಡ್ಡ ಜಮೀನ್ದಾರರ ಗದ್ದೆಯಲ್ಲಿ ಆಳು. ಆ ಯಜಮಾನರು ಕೆಟ್ಟವರಲ್ಲ. ಹಬ್ಬಕ್ಕೆ ಬಟ್ಟೆ ಕೊಡುತ್ತಿದ್ದರು, ನನ್ನ ಶಾಲೆ ಫೀಸನ್ನೂ ಕಟ್ಟಿದ್ದರು. ಆದರೆ ಅಪ್ಪನನ್ನು ಒಂದು ದಿನವೂ ಹೆಸರು ಹಿಡಿದು ಕರೆದವರಲ್ಲ. "ಬಾರೋ ಮುಂಡೇದೆ", "ಎಲ್ಲಿ ಹೋಗಿದ್ದೆಯೋ ಬಡ್ಡೀಮಗನೆ". ನಗುತ್ತಲೇ ಹೇಳುತ್ತಿದ್ದರು. ಊರಿನವರೆಲ್ಲ "ಅವರ ಬಾಯಿ ಹಾಗೆ, ಮನಸ್ಸು ಬೆಣ್ಣೆ" ಅನ್ನುತ್ತಿದ್ದರು. ಅಪ್ಪನೂ ಅದನ್ನೇ ಹೇಳುತ್ತಿದ್ದ.

ನಾನು ಪಿಯುಸಿಯಲ್ಲಿ ಇದ್ದಾಗ ಅಪ್ಪನನ್ನು ಕೇಳಿದೆ: "ಪ್ರೀತಿಗೆ ಬೈಯೋದಾದರೆ ನೀನೂ ಒಂದು ಸಲ ಪ್ರೀತಿಯಿಂದ ಬೈದು ನೋಡು." ಅಪ್ಪ ನನ್ನ ಮುಖ ನೋಡಿದ. ತಂಬಿಗೆ ಎತ್ತಿಕೊಂಡು ಹೊರಗೆ ಹೋದ. ಆ ಮಾತು ಮತ್ತೆ ನಮ್ಮ ಮನೆಯಲ್ಲಿ ಬರಲಿಲ್ಲ.

ಅದಕ್ಕೇ ನನಗೆ ಸಲಿಗೆಯ ಬೈಗುಳ ಅಂದಾಗ ಮೊದಲು ಬರುವ ಪ್ರಶ್ನೆ ಒಂದೇ. ತಿರುಗಿ ಬೈಯಬಹುದಾ? ಜೋಳದ_ಹೊಲ ಅವರು ಹೇಳಿದ ಗೆಳೆಯರು ತಿರುಗಿ ಬೈಯುತ್ತಾರೆ, ಮೊದಲ_ಬೆಂಚು ಗ್ಯಾಂಗಿನವರೂ ಬೈಯುತ್ತಾರೆ. ಅದು ಸಲಿಗೆ. ನನ್ನ ಅಪ್ಪನಿಗೆ ಆ ದಾರಿ ಇರಲಿಲ್ಲ.

ನಾನು 2008ರಲ್ಲಿ ಸೈಬರ್ ಕೆಫೆಯಲ್ಲಿ ಕೂತು ಬ್ಲಾಗ್ ಬರೆಯಲು ಶುರು ಮಾಡಿದೆ, ಗಂಟೆಗೆ 20 ರೂಪಾಯಿ ಕೊಟ್ಟು. ಮೊದಲನೇ ಕಾಮೆಂಟ್ ಇನ್ನೂ ನೆನಪಿದೆ. "ನೀವು ಚೆನ್ನಾಗಿ ಬರೆಯುತ್ತೀರಿ." ಯಾರೋ ಗುರುತಿಲ್ಲದವರು. ನನ್ನ ಜಾತಿ ಗೊತ್ತಿಲ್ಲ, ಅಪ್ಪ ಯಾರು ಅಂತ ಗೊತ್ತಿಲ್ಲ. ನಮ್ಮ ಮನೆಯವರಿಗೆ ಯಾರೂ ಬಹುವಚನ ಹಾಕಿದ್ದನ್ನು ನಾನು ಕೇಳಿರಲಿಲ್ಲ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಅವರು ಈಗಲೂ ನನ್ನ ಗೆಳೆಯರು. ಇಬ್ಬರೂ ನೀವು ಅಂತಲೇ ಅನ್ನುತ್ತೇವೆ. ನನಗೆ ಆ ಪದದಷ್ಟು ಹತ್ತಿರದ್ದು ಬೇರೆ ಇಲ್ಲ.

ಮೊದಲ_ಬೆಂಚು · ಸೋಮವಾರ ಮಧ್ಯಾಹ್ನ 1:48

ಸರ್, ಇದನ್ನು ಎರಡು ಸಲ ಓದಿದೆ. ಥ್ಯಾಂಕ್ಸ್. ನಮ್ಮ ಗ್ಯಾಂಗಿನಲ್ಲಿ ಒಬ್ಬ ಇದ್ದಾನೆ, ಎಲ್ಲರೂ ಅವನಿಗೆ ಬೈಯುತ್ತೇವೆ, ಅವನು ನಗುತ್ತಾನೆ ಅಷ್ಟೇ. ತಿರುಗಿ ಏನೂ ಅನ್ನುವುದಿಲ್ಲ. ಇವತ್ತು ಅವನ ಹತ್ತಿರ ಮಾತಾಡುತ್ತೇನೆ.

ಕಪ್ಪುಕೋಟು · ಸೋಮವಾರ ಸಂಜೆ 5:30

ವಕೀಲನಾಗಿ ಎರಡು ಮಾತು. ಬೈಗುಳ ಬರೆದ ಮಾತ್ರಕ್ಕೆ ಅದು ಅಶ್ಲೀಲ ಅಪರಾಧ ಆಗುವುದಿಲ್ಲ. ಒಂದು ವೆಬ್ ಸರಣಿಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಕೇಳಲು ಹೊಲಸು ಅನ್ನಿಸುವುದು ಬೇರೆ, ಕಾಮ ಕೆರಳಿಸುವುದು ಬೇರೆ ಅಂತ.

ಆದರೆ ಜಾತಿ ಹೆಸರು ಹಿಡಿದು ಬೈಯುವ ವಿಷಯದಲ್ಲಿ ಈ ಸಡಿಲ ಇಲ್ಲ. ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕರಿಗೆ ಕಾಣುವ ಕಡೆ ಜಾತಿ ಹಿಡಿದು ನಿಂದಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಬರುತ್ತದೆ. "ತಮಾಷೆಗೆ ಅಂದೆ, ಗೆಳೆಯ ತಾನೇ" ಅಂತ ನನ್ನ ಹತ್ತಿರ ಬಂದವರು ಇದ್ದಾರೆ. ನಾನು ಅವರ ಕೇಸು ಹಿಡಿಯಲಿಲ್ಲ.

ಕಾಫಿ_ಹೂವು · ಸೋಮವಾರ ಸಂಜೆ 7:15

ದಕ್ಷಿಣ ಕೊಡಗಿನವಳು. ನಮ್ಮಲ್ಲಿ ಬೈಗುಳಕ್ಕೇ ಒಂದು ಹಬ್ಬ ಇದೆ. ಮೇ ತಿಂಗಳಲ್ಲಿ, ದೇವರಪುರದಲ್ಲಿ, ಕುಂಡೆ ಹಬ್ಬ. ಜೇನುಕುರುಬರು, ಬೆಟ್ಟಕುರುಬರು, ತೋಟದಲ್ಲಿ ದುಡಿಯುವ ಜನ, ವೇಷ ಹಾಕಿಕೊಂಡು ಡಬ್ಬ ಬಡಿಯುತ್ತಾ ಬರುತ್ತಾರೆ. ಗಂಡಸರು ಹೆಂಗಸರ ಬಟ್ಟೆ ಹಾಕಿರುತ್ತಾರೆ. ಗೋಣಿಕೊಪ್ಪದ ರಸ್ತೆಯಲ್ಲಿ ಯಾರು ಸಿಕ್ಕಿದರೂ ಬೈದು ದುಡ್ಡು ಕೇಳುತ್ತಾರೆ. ತೋಟದ ಯಜಮಾನರನ್ನೂ ಬಿಡುವುದಿಲ್ಲ. ದೇವರಿಗೂ ಬೈಗುಳ. ಗದ್ದೆ_ಬದು ಅವರ ಮಾತು ಓದಿದಾಗ ಇದೇ ನೆನಪಾಯಿತು. ವರ್ಷವಿಡೀ ತಿರುಗಿ ಮಾತಾಡಲು ಆಗದವರಿಗೆ ಒಂದು ದಿನ.

ಮಾರನೆಯ ದಿನ ಆ ಮಾತು ಯಾವುದೂ ಉಳಿಯುವುದಿಲ್ಲ, ಗಾಳಿಗೆ ಹೋಗುತ್ತದೆ. ಬರೆದದ್ದು ಹಾಗಲ್ಲ. ಹತ್ತು ವರ್ಷ ಬಿಟ್ಟು ನಿಮ್ಮ ಮಗಳು ಹುಡುಕಿದರೂ ಆ ಕಾಮೆಂಟ್ ಅಲ್ಲೇ ಇರುತ್ತದೆ. ಅಳಿಸಿದ್ದರಲ್ಲಿ ತಪ್ಪು ಕಾಣುತ್ತಿಲ್ಲ ನನಗೆ.

ಹಳೇ_ಬ್ಲಾಗಿಗ · ಸೋಮವಾರ ರಾತ್ರಿ 10:40

ತಡವಾಗಿ ಬಂದೆ, ಕ್ಷಮಿಸಿ. ಈ ಚರ್ಚೆ ನನ್ನನ್ನು 2006ಕ್ಕೆ ಕರೆದುಕೊಂಡು ಹೋಯಿತು.

ಆಗ ಕನ್ನಡ ಓದುವುದೇ ಒಂದು ಸಾಹಸ ಅಲ್ವಾ? ಪುಟ ತೆರೆದರೆ ಬರೀ ಚೌಕ ಚೌಕ. ವಿಂಡೋಸ್ ಎಕ್ಸ್‌ಪಿ ಸೀಡಿ ಹುಡುಕಿ ತಂದು, ಭಾರತೀಯ ಭಾಷೆಗಳ ಫೈಲುಗಳನ್ನು ಹಾಕಿಕೊಂಡ ಮೇಲೆ ಒತ್ತಕ್ಷರ ಸರಿಯಾಗಿ ಕೂರುತ್ತಿತ್ತು. "ಬರಹ" ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ, ಯೂನಿಕೋಡಿಗೆ ತಿರುಗಿಸಿ, ತಂದು ಅಂಟಿಸಬೇಕು. ಎರಡು ಸಾಲಿನ ಕಾಮೆಂಟಿಗೆ ಹತ್ತು ನಿಮಿಷ. ಅಷ್ಟು ಕಷ್ಟಪಟ್ಟು ಬರೆಯುವಾಗ ಯಾರೂ ಸುಮ್ನೆ ಬೈಯುತ್ತಿರಲಿಲ್ಲ. ಒಬ್ಬರು ಇನ್ನೊಬ್ಬರ ಬ್ಲಾಗಿನ ಹೆಸರನ್ನು ತಮ್ಮ ಪುಟದ ಪಕ್ಕದಲ್ಲಿ ಹಾಕಿಕೊಳ್ಳುತ್ತಿದ್ದೆವು. ನನ್ನ ಹೆಸರು ಮೊದಲ ಸಲ ಬೇರೆಯವರ ಪುಟದಲ್ಲಿ ಕಂಡಾಗ ಹೆಂಡತಿಯನ್ನು ಎಬ್ಬಿಸಿ ತೋರಿಸಿದ್ದೆ.

ಅನಾಮಿಕ ಹೆಸರಲ್ಲಿ ಬೈಯುವವರು ಬಂದದ್ದು ಆಮೇಲೆ. ಒಬ್ಬ ಹುಡುಗಿ ತುಂಬಾ ಚೆಂದ ಬರೆಯುತ್ತಿದ್ದಳು. ಒಂದು ವಾರ ಯಾರೋ ಬಿಡದೆ ಹೊಲಸು ಕಾಮೆಂಟ್ ಹಾಕಿದರು. ಅವಳು ಬ್ಲಾಗನ್ನೇ ಮುಚ್ಚಿದಳು. ಅವಳ ಇಮೇಲ್ ಕೂಡ ನಮ್ಮ ಹತ್ತಿರ ಇರಲಿಲ್ಲ. ಈಗ ಎಲ್ಲಿದ್ದಾಳೋ, ಬರೆಯುತ್ತಿದ್ದಾಳೋ ಇಲ್ಲವೋ. ನನಗೆ ಇವತ್ತಿಗೂ ಆ ಸಂಕಟ ಹೋಗಿಲ್ಲ. ನಾವು ಹತ್ತು ಜನ ಅವತ್ತು ಅವಳ ಪರವಾಗಿ ಬರೆಯಬಹುದಿತ್ತು. ಬರೆಯಲಿಲ್ಲ.

ಆಮೇಲೆ ಒಂದೊಂದೇ ಮುಚ್ಚಿಕೊಂಡು ಹೋಯಿತು. 2013ರ ಜುಲೈ 1ಕ್ಕೆ ಗೂಗಲ್ ರೀಡರ್ ನಿಂತಿತು, ಯಾರು ಹೊಸದಾಗಿ ಏನು ಬರೆದರು ಅಂತ ತಿಳಿಯುವ ದಾರಿ ಹೋಯಿತು. ಫೇಸ್‌ಬುಕ್ಕಿಗೂ ಮೊದಲು ನಾವೆಲ್ಲ ಸೇರುತ್ತಿದ್ದ ಜಾಲತಾಣ ಆರ್ಕುಟ್ 2014ರ ಸೆಪ್ಟೆಂಬರಿಗೆ ಮುಗಿಯಿತು. ಎಲ್ಲರೂ ಫೇಸ್‌ಬುಕ್ಕಿಗೆ ಹೋದೆವು. ಉಳಿದುಕೊಂಡ ಗೆಳೆತನಗಳನ್ನು ಬೆರಳಲ್ಲಿ ಎಣಿಸಬಹುದು.

ಅದಕ್ಕೇ ಹೇಳುತ್ತೇನೆ. ಇಷ್ಟೆಲ್ಲ ದಾಟಿ ಉಳಿದ ಗೆಳೆಯರು ಅವರು. ಪದ ತಪ್ಪು, ಅಳಿಸಿದ್ದು ಸರಿ, ಹೇಳದೆ ಅಳಿಸಿದ್ದು ತಪ್ಪು. ಫೋನ್ ಮಾಡಿ. ಬರೆಯಬೇಡಿ, ಫೋನ್ ಮಾಡಿ.

ಹೊರನಾಡ_ಕನ್ನಡತಿ · ಮಂಗಳವಾರ ಬೆಳಗ್ಗೆ 8:20

ನಾನು ನ್ಯೂಜೆರ್ಸಿಯಲ್ಲಿದ್ದೇನೆ, 22 ವರ್ಷ ಆಯ್ತು. ಆಫೀಸಿನಲ್ಲಿ ಇಂಗ್ಲಿಷಿನ ಕೆಟ್ಟ ಪದ ನನ್ನ ಬಾಯಲ್ಲೂ ಬರುತ್ತದೆ, ಏನೂ ಅನ್ನಿಸುವುದಿಲ್ಲ. ಅದೇ ಅರ್ಥದ ಕನ್ನಡ ಪದವನ್ನು ಒಬ್ಬಳೇ ಕಾರಿನಲ್ಲಿ ಇದ್ದಾಗಲೂ ಹೇಳಲಾರೆ. ಲಂಡನ್ನಿನ ಬರ್ಕ್‌ಬೆಕ್‌ನ ಭಾಷಾ ವಿದ್ವಾಂಸ ಜಾನ್ ಮಾರ್ಕ್ ಡೆವಾಲೆ 2004ರಲ್ಲಿ ಹಲವು ಭಾಷೆ ಬಲ್ಲವರನ್ನು ಕೇಳಿ ಬರೆದಿದ್ದಾರೆ. ಬೈಗುಳದ ಬಿಸಿ ತಾಯಿನುಡಿಯಲ್ಲೇ ಜಾಸ್ತಿ ಅಂತ. ನನ್ನ ಅನುಭವವೂ ಅದೇ.

ಶರಾವತಿ_ದಂಡೆ ಅವರೇ, ಒಂದು ವಿಷಯ. ನಿಮ್ಮ ಕೆಂಪು ಸೀರೆಯ ದೊಡ್ಡಜ್ಜಿಯ ಬರಹವನ್ನು ನಾನು 2009ರಲ್ಲಿ ಇಲ್ಲಿಂದ ಓದಿದ್ದೆ. ಇಲ್ಲಿ ಹಿಮ ಬೀಳುತ್ತಿತ್ತು, ಓದಿ ತುಂಬಾ ಅತ್ತಿದ್ದೆ. ಅದರ ಕೆಳಗೆ ಆ ಮೇಷ್ಟ್ರದ್ದೂ ಒಂದು ಕಾಮೆಂಟ್ ಇತ್ತಲ್ವಾ? ಒಮ್ಮೆ ತೆಗೆದು ನೋಡಿ.

ಶರಾವತಿ_ದಂಡೆ · ಮಂಗಳವಾರ ಬೆಳಗ್ಗೆ 9:05

ನೋಡಿದೆ. ಇದೆ. "ಈ ಅಜ್ಜಿ ಇದ್ದಿದ್ದರೆ ನಮ್ಮ ಮನೆಗೆ ಕರೆದುಕೊಂಡು ಹೋಗುತ್ತಿದ್ದೆ. ನಮ್ಮವ್ವನ ಜೊತೆ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದರು" ಅಂತ ಬರೆದಿದ್ದಾರೆ.

ನನಗೆ ಇದು ಮರೆತೇ ಹೋಗಿತ್ತು. ಸಂಜೆ ಫೋನ್ ಮಾಡುತ್ತೇನೆ.

ಶರಾವತಿ_ದಂಡೆ · ಬುಧವಾರ ರಾತ್ರಿ 9:15

ಮಾತಾಡಿದೆ. ನಾವು ಫೋನಿನಲ್ಲಿ ಮಾತಾಡುವುದು ಕಡಿಮೆ, ಇಬ್ಬರಿಗೂ ಮೊದಲು ಮಾತೇ ಬರಲಿಲ್ಲ. ನಾನು ಆ ಪದದ ಬಗ್ಗೆ, ಹಿತ್ತಲಿನ ಕಲ್ಲಿನ ಬಗ್ಗೆ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಫೋನ್ ಕಟ್ ಆಯ್ತೇನೋ ಅಂದುಕೊಂಡೆ. ಆಮೇಲೆ "ನನ್ನ ಬಾಯಲ್ಲಿ ನಿಮ್ಮ ದೊಡ್ಡಜ್ಜಿ ಇದ್ದರು ಅಂತ ನನಗೆ ಗೊತ್ತೇ ಇರಲಿಲ್ಲ" ಅಂದರು. ಅವರ ಧ್ವನಿ ಒಡೆದಿತ್ತು.

ಅವರೂ ತಮ್ಮ ಮನಸ್ಸಿನಲ್ಲಿದ್ದದ್ದನ್ನು ಹೇಳಿದರು. ಪದ ಹೋದದ್ದಕ್ಕೆ ಬೇಜಾರಿಲ್ಲವಂತೆ. ಕಾಮೆಂಟ್ ಇದ್ದ ಜಾಗದಲ್ಲಿ "ಬ್ಲಾಗ್ ನಿರ್ವಾಹಕರು ಇದನ್ನು ತೆಗೆದಿದ್ದಾರೆ" ಅನ್ನುವ ಸಾಲು ಕಂಡಾಗ, ಯಾವುದೋ ಕಚೇರಿಯ ಗುಮಾಸ್ತರು ತಮ್ಮನ್ನೂ ಹೊರಗೆ ಕಳಿಸಿದ ಹಾಗಾಯ್ತಂತೆ. ಜೋಳದ_ಹೊಲ ಅವರೇ, ನೀವು ಹೇಳಿದ್ದು ಸರಿ. ನಾನು ಕ್ಷಮೆ ಕೇಳಿದೆ.

ಅವರು ಅದೇ ಕಾಮೆಂಟನ್ನು ಇವತ್ತು ಮತ್ತೆ ಹಾಕಿದ್ದಾರೆ. ಸಿಟ್ಟು ಅಷ್ಟೇ ಇದೆ, ಒಂದು ಪದ ಮಾತ್ರ ಬದಲಾಗಿದೆ. ಅತ್ತೆಗೆ ಓದಿ ಹೇಳಿದೆ, ಇನ್ನೊಂದು ಸಲ ಓದು ಅಂದರು.

ಶುಕ್ರವಾರ ಮತ್ತೆ ಕಚೇರಿಗೆ ಹೋಗಬೇಕು. ಮೇಷ್ಟ್ರು ರಜೆ ಹಾಕಿ ಬರುತ್ತಿದ್ದಾರೆ.

ಗದ್ದೆ_ಬದು · ಬುಧವಾರ ರಾತ್ರಿ 9:50

ಹಳೇ ಪಹಣಿಯ ನಕಲು, ಕೊಟ್ಟ ಅರ್ಜಿಯ ಸ್ವೀಕೃತಿ, ಎರಡನ್ನೂ ತೆಗೆದುಕೊಂಡು ಹೋಗಿ. ಮೌಖಿಕವಾಗಿ ಏನು ಹೇಳಿದರೂ ಬರೆದುಕೊಡಿ ಅಂತ ಕೇಳಿ. ಶುಕ್ರವಾರ ಏನಾಯ್ತು ಅಂತ ಇಲ್ಲಿ ತಿಳಿಸಿ, ಕಾಯುತ್ತಿರುತ್ತೇವೆ.